ಲೆಕ್ಕ ಸಾಗಿಸುವ ದಿನದ ಅಪಾಯ

ಸಹಕಾರ ಸಂಘಗಳ ಲೆಡ್ಜರು ಕಂಪ್ಯೂಟರಿಗೆ ಏರುತ್ತಿರುವ ಕಾಲ ಇದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿತು, ಕರ್ನಾಟಕವೂ ಅದರಲ್ಲಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂಘಗಳಲ್ಲಿ ಸಾಲ ತೆಗೆದ ರೈತರು ಇದರಲ್ಲಿ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ಹಳೆಯ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವ ದಿನವನ್ನು. ಜಾಗ ಸಾಲದೆಂದು ಹಳೆಯ ಫೈಲುಗಳನ್ನು ಅಳಿಸುವ ದಿನವೂ ಅಷ್ಟೇ. ಬೆಂಕಿ, ನೆರೆಗೆ ಎಲ್ಲರೂ ಹೆದರುತ್ತಾರೆ, ನಿರ್ವಹಣೆಗೆ ಹೆದರುವವರು ಕಡಿಮೆ.

ಬ್ಯಾಂಕುಗಳ ಮೇನ್‌ಫ್ರೇಮಿನಲ್ಲಿ ದುಡಿದವರಿಗೆ ಈ ಹೆದರಿಕೆ ಹಳೆಯದು. ಐಬಿಎಂ ಯಂತ್ರಗಳಲ್ಲಿ ‘ಐಇಬಿಕಾಪಿ’ ಎಂಬ ಉಪಕರಣ ತಂತ್ರಾಂಶವಿದೆ. ಡೇಟಾಸೆಟ್ಟಿನಲ್ಲಿ (ಕಡತದಲ್ಲಿ) ಸತ್ತ ಜಾಗ ತುಂಬಿಕೊಂಡಾಗ, ಬದುಕಿರುವ ಭಾಗಗಳನ್ನು ಅದು ಅಲ್ಲೇ ಆರಂಭದ ಕಡೆಗೆ ಸರಿಸಿ ಒತ್ತಾಗಿಸುತ್ತದೆ. ಒಂದೇ ಸ್ಲೇಟನ್ನು ಒರೆಸುತ್ತ ಅದರ ಮೇಲೇ ಮತ್ತೆ ಬರೆದ ಹಾಗೆ. ನಡುವೆ ಕರೆಂಟು ಹೋದರೆ ಅಥವಾ ಯಾರಾದರೂ ಕೆಲಸವನ್ನು ರದ್ದು ಮಾಡಿದರೆ, ಒಳಗಿನ ಸೂಚಿ ಒಂದು ಹೇಳುತ್ತದೆ, ಮಾಹಿತಿ ಇನ್ನೊಂದು ಕಡೆ ಇರುತ್ತದೆ. ಡೇಟಾಸೆಟ್ಟೇ ಕೆಲಸಕ್ಕೆ ಬಾರದಂತಾಗಬಹುದು. ಆದ್ದರಿಂದಲೇ ಮೊದಲು ಬ್ಯಾಕಪ್ ತೆಗೆದುಕೊಳ್ಳಿ ಎಂದು ಐಬಿಎಂನ ಕೈಪಿಡಿಯೇ ಎಚ್ಚರಿಸುತ್ತದೆ.

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಆದದ್ದು ಇನ್ನೂ ವಿಚಿತ್ರ. ಅಲ್ಲಿನ ಸೂಪರ್‌ಕಂಪ್ಯೂಟರಿನಲ್ಲಿ 10 ದಿನಕ್ಕಿಂತ ಹಳೆಯ ಲಾಗ್‌ಗಳನ್ನು ಅಳಿಸುವ ಪುಟ್ಟ ಸ್ಕ್ರಿಪ್ಟ್ ಇತ್ತು. 2021ರ ಡಿಸೆಂಬರ್‌ನಲ್ಲಿ ಅದನ್ನು ಸುಧಾರಿಸಿ, ಹಳೆಯದು ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಹಾಕಿದರು. ಓಡುತ್ತಿದ್ದ ಸ್ಕ್ರಿಪ್ಟ್ ಹೊಸದನ್ನು ನಡುವಿನಿಂದ ಓದತೊಡಗಿತು; ಯಾವ ಫೋಲ್ಡರನ್ನು ಅಳಿಸಬೇಕೆಂದು ಹೇಳಬೇಕಾದ ಜಾಗ ಖಾಲಿಯಾಗಿತ್ತು. ಲಾಗ್‌ಗಳ ಬದಲು ಸಂಶೋಧಕರ ಸುಮಾರು 77 ಟೆರಾಬೈಟ್, 3.4 ಕೋಟಿ ಫೈಲುಗಳು ಅಳಿದವು. 14 ಸಂಶೋಧನಾ ಗುಂಪುಗಳಿಗೆ ಪೆಟ್ಟು ಬಿತ್ತು. 4 ಗುಂಪುಗಳದ್ದು ಮರಳಿ ಸಿಗಲೇ ಇಲ್ಲ. ಗಮನಿಸಿ, ಆ ಸ್ಕ್ರಿಪ್ಟ್ ಬ್ಯಾಕಪ್ ವ್ಯವಸ್ಥೆಯದ್ದೇ ಭಾಗ.

‘ನಮ್ಮಲ್ಲಿ ಎರಡು ಸರ್ವರ್ ಇವೆ’ ಎಂಬ ಸಮಾಧಾನವೂ ಸಾಲದು. ಎರಡನೆಯದು ಮೊದಲನೆಯದರ ನೆರಳಾಗಿದ್ದರೆ ಇಲ್ಲಿ ಅಳಿಸಿದ್ದು ಕ್ಷಣದಲ್ಲಿ ಅಲ್ಲೂ ಅಳಿಯುತ್ತದೆ. 2023ರ ಜನವರಿ 11ರಂದು ಅಮೆರಿಕದಲ್ಲಿ ದೇಶೀಯ ವಿಮಾನಗಳು ಹೊರಡುವುದೇ ಕೆಲ ಹೊತ್ತು ನಿಂತಿತು. ಪೈಲಟ್‌ಗಳಿಗೆ ಸೂಚನೆ ಕಳಿಸುವ ವ್ಯವಸ್ಥೆಯ ಮುಖ್ಯ ಡೇಟಾಬೇಸನ್ನೂ ಬ್ಯಾಕಪ್ ಡೇಟಾಬೇಸನ್ನೂ ತಾಳೆ ಮಾಡುವಾಗ ಗುತ್ತಿಗೆ ಸಿಬ್ಬಂದಿ ಅರಿಯದೆ ಫೈಲುಗಳನ್ನು ಅಳಿಸಿದ್ದರು.

ಇಂಥದ್ದು ನಮ್ಮ ತಾಲ್ಲೂಕುಗಳ ಸಂಘವೊಂದರಲ್ಲಿ ಆದರೆ ಸುದ್ದಿಯೂ ಆಗದು. ಪೆಟ್ಟು ಮಾತ್ರ ನೇರ. ರಾಜ್ಯದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಸಿಗುವುದು ಗಡುವಿನೊಳಗೆ ತೀರಿಸಿದವರಿಗೆ. ಕಟ್ಟಿದ ತಾರೀಖು ಅಳಿದರೆ ಆಲೂಗಡ್ಡೆ ಬೆಳೆದ ರೈತ ಕಟ್ಟಿದ ಸಾಲಕ್ಕೇ ಸುಸ್ತಿದಾರನಾಗುತ್ತಾನೆ; ಮುಂದಿನ ಹಂಗಾಮಿಗೆ ಸಾಲವೂ ಇಲ್ಲ. ರುಜುವಾತು ಒದಗಿಸುವ ಭಾರ ಆಗ ಬೀಳುವುದು ತಂತ್ರಾಂಶ ನಡೆಸಿದವರ ಮೇಲಲ್ಲ, ಅವನ ಮೇಲೆ. ಹಾಗಾಗಿ ರಸೀದಿ, ಪಾಸ್‌ಪುಸ್ತಕಗಳನ್ನು ಈಗ ಎಸೆಯಬಾರದು. ಸಂಘವೂ ಕಾಗದದ ಲೆಡ್ಜರನ್ನು ರದ್ದಿಗೆ ಹಾಕುವ ಆತುರ ತೋರಬಾರದು.

ತಡೆಯಲು ದುಬಾರಿ ಯಂತ್ರ ಬೇಡ. ಲೆಕ್ಕ ಸಾಗಿಸುವ ಮೊದಲು ವಹಿವಾಟು ನಿಲ್ಲಿಸಿ, ಪೂರ್ಣ ಪ್ರತಿ ತೆಗೆದು, ಆ ಡಿಸ್ಕನ್ನು ಸರ್ವರಿನಿಂದ ಬಿಡಿಸಿ ಬೇರೆ ಕಟ್ಟಡದಲ್ಲಿಡಬೇಕು. ಹಾಗೆ ಬೇರೆಡೆ ಇಡುವ ಮುಂಚೆ ಆ ಪ್ರತಿಯನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ಖಾತೆಗಳ ಸಂಖ್ಯೆ, ಒಟ್ಟು ಸಾಲದ ಬಾಕಿ, ಠೇವಣಿ ಮೊತ್ತ ತಾಳೆಯಾಗುತ್ತವೆಯೇ ನೋಡಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಈ ಹೆಜ್ಜೆಯನ್ನೇ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ತಪ್ಪು ಸರ್ವರಿನ ಡೇಟಾ ಅಳಿಸಿದಾಗ, ಐದು ಬಗೆಯ ಬ್ಯಾಕಪ್ ಏರ್ಪಾಡುಗಳಿದ್ದೂ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ತಾಸು ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು.

ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶದ ಚರ್ಚೆ ಮುಗಿದ ಮೇಲೆ ಯಾರಾದರೂ ಸದಸ್ಯರು ಎದ್ದು ಕಾರ್ಯದರ್ಶಿಯವರನ್ನು ಕೇಳಬಹುದು: ಕಳೆದ ಸಲ ಬ್ಯಾಕಪ್ಪನ್ನು ತೆರೆದು ನೋಡಿದ್ದು ಯಾವ ತಾರೀಖು, ಬಾಕಿ ತಾಳೆಯಾಯಿತೆ, ಅದನ್ನು ನಡವಳಿ ಪುಸ್ತಕದಲ್ಲಿ ಬರೆದಿದ್ದೀರಾ?