ಮೆಚ್ಚಿನ ಪುಸ್ತಕದಲ್ಲಿ ಓದುಗರು ಹುಡುಕುವುದೇನು?

ಪುಸ್ತಕದ ಅಂಗಡಿಯಲ್ಲಿ ಮಕ್ಕಳ ಪುಸ್ತಕಗಳ ಮುಂದೆ ನಿಂತ ಅಪ್ಪ-ಅಮ್ಮಂದಿರು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ. ‘ಇದರಲ್ಲಿ ನೀತಿ ಇದೆಯಾ?’ ‘ಇವಳ ವಯಸ್ಸಿಗೆ ಅರ್ಥ ಆಗುತ್ತಾ?’ ಅದೇ ಅಪ್ಪ-ಅಮ್ಮ ಪಕ್ಕದ ಸಾಲಿಗೆ ಹೋಗಿ ತಮಗೊಂದು ಕಾದಂಬರಿ ಆರಿಸಿಕೊಳ್ಳುವಾಗ ಈ ಎರಡೂ ಪ್ರಶ್ನೆ ಅವರ ಮನಸ್ಸಿಗೆ ಬರುವುದಿಲ್ಲ. ನಡುವೆ ಎಲ್ಲೋ ತೆರೆದು ಅರ್ಧ ಪುಟ ಓದುತ್ತಾರೆ, ಹಿಡಿಸಿದರೆ ಕೊಳ್ಳುತ್ತಾರೆ. ಮಕ್ಕಳೂ ಪುಸ್ತಕ ಮೆಚ್ಚುವುದು ಹೀಗೆಯೇ. ಓದುಗರನ್ನು ದಡ್ಡರು ಎಂದುಕೊಳ್ಳದ ಲೇಖಕ ಸಿಕ್ಕರೆ ಏಳು ವರ್ಷದವರೂ ಎಪ್ಪತ್ತು ವರ್ಷದವರೂ ಪುಸ್ತಕ ಕೆಳಗಿಡುವುದಿಲ್ಲ. ಇಷ್ಟು ಸರಳವಾದ ಸಂಗತಿಯ ಸುತ್ತ ನಾವು ಬೆಳೆಸಿಕೊಂಡಿರುವ ತಪ್ಪು ಕಲ್ಪನೆಗಳು ಮಾತ್ರ ಹಲವು.

ತಪ್ಪು ಕಲ್ಪನೆ: ಮಕ್ಕಳ ಕಥೆ ಎಂದಮೇಲೆ ಕೊನೆಯಲ್ಲಿ ಒಂದು ನೀತಿ ಇರಲೇಬೇಕು.

ವಾಸ್ತವ: ‘ಚಂದಮಾಮ’ 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಅದನ್ನು ಓದಿ ಬೆಳೆದವರನ್ನು ಯಾವ ಕಥೆ ನೆನಪಿದೆ ಎಂದು ಕೇಳಿ ನೋಡಿ. ಬೇತಾಳನ ಹೆಸರು ಬಾರದೇ ಇರುವುದು ಕಷ್ಟ. ಬೇತಾಳನ ಕಥೆಯ ಕೊನೆಗೆ ಇರುವುದು ನೀತಿಯಲ್ಲ, ಪ್ರಶ್ನೆ. ಉತ್ತರ ಗೊತ್ತಿದ್ದೂ ಹೆಣ ಹೊತ್ತ ರಾಜ ವಿಕ್ರಮ ಬಾಯಿ ಬಿಡದಿದ್ದರೆ ಅವನ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಮೌನ ಮುರಿದು, ಹೆಣದೊಂದಿಗೆ ಬೇತಾಳ ಮತ್ತೆ ಮರಕ್ಕೆ ಹಾರುತ್ತದೆ. ಈ ಇಕ್ಕಟ್ಟಿನಲ್ಲಿ ಓದುವ ಹುಡುಗಿಯೂ ಸಿಕ್ಕಿಹಾಕಿಕೊಳ್ಳುತ್ತಾಳೆ. ರಾಜನ ಉತ್ತರ ಓದುವ ಮೊದಲೇ ತನ್ನದೊಂದು ಉತ್ತರ ಹೊಂದಿಸಿಕೊಂಡಿರುತ್ತಾಳೆ. ರಾಜ ಬೇರೆ ಹೇಳಿದರೆ ‘ಅದು ಹೇಗೆ?’ ಎಂದು ಅಣ್ಣನ ಹತ್ತಿರ ವಾದಕ್ಕಿಳಿಯುತ್ತಾಳೆ. ಅವಳಿಗೆ ಬೇಕಾದದ್ದು ಆ ವಾದ.

ಬೇತಾಳನ ಮೂಲ ಕಥೆಗಳು ಇಪ್ಪತ್ತೈದು. ಅದರಲ್ಲೊಂದು ತಲೆಗಳು ಅದಲುಬದಲಾದ ಕಥೆ. ಒಂದು ಹೆಣ್ಣಿನ ಗಂಡನ ತಲೆ ಇನ್ನೊಬ್ಬನ ಮುಂಡಕ್ಕೆ, ಆ ಇನ್ನೊಬ್ಬನ ತಲೆ ಗಂಡನ ಮುಂಡಕ್ಕೆ ಸೇರಿಬಿಟ್ಟಿದೆ. ಈಗ ಆ ಹೆಣ್ಣಿನ ಗಂಡ ಯಾರು? ದೇಹಕ್ಕೆ ತಲೆಯೇ ಪ್ರಧಾನ, ಆದ್ದರಿಂದ ಗಂಡನ ತಲೆ ಇರುವವನೇ ಗಂಡ ಎನ್ನುತ್ತಾನೆ ರಾಜ. ಈ ತೀರ್ಪು ಒಪ್ಪಿಗೆಯಾಗದವರು ಎಷ್ಟೋ ಮಂದಿ. ಜರ್ಮನಿಯ ತೋಮಸ್ ಮಾನ್ 1940ರಲ್ಲಿ ಇದನ್ನು ಕಿರುಕಾದಂಬರಿಯಾಗಿ ಬರೆದ. ಅಲ್ಲಿಂದ ಗಿರೀಶ ಕಾರ್ನಾಡರು ಎತ್ತಿಕೊಂಡು 1971ರಲ್ಲಿ ‘ಹಯವದನ’ ಮಾಡಿದರು. ದೇವದತ್ತ, ಕಪಿಲ, ಪದ್ಮಿನಿಯರ ಆ ನಾಟಕ ನೋಡಿ ಹೊರಬಂದ ದೊಡ್ಡವರು ಚಹಾದಂಗಡಿಯ ಮುಂದೆ ನಿಂತು ವಾದಿಸುವುದು ಮಕ್ಕಳು ಮನೆಯಲ್ಲಿ ವಾದಿಸಿದ ಅದೇ ಪ್ರಶ್ನೆಯನ್ನು. ಕಥೆಯ ಕೊನೆಗೆ ‘ಈ ಕಥೆಯ ನೀತಿ’ ಎಂದು ಅಚ್ಚು ಹಾಕಿಬಿಟ್ಟರೆ ಈ ವಾದದ ಬಾಗಿಲನ್ನೇ ಮುಚ್ಚಿದ ಹಾಗೆ. ಒಳ್ಳೆಯ ಕಥೆಯಲ್ಲಿ ಒಳಿತು-ಕೆಡುಕಿನ ವಿಚಾರ ಇದ್ದೇ ಇರುತ್ತದೆ. ಅದನ್ನು ಮಗು ತಾನೇ ಹೆಕ್ಕಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಸಾವು, ದುಃಖ ಇರುವ ಪುಸ್ತಕ ಮಕ್ಕಳಿಗೆ ಬೇಡ.

ವಾಸ್ತವ: ಹಾಗೆಂದರೆ ಮೊದಲು ನಿಲ್ಲಿಸಬೇಕಾದದ್ದು ಗೋವಿನ ಹಾಡನ್ನು. ಪುಣ್ಯಕೋಟಿ ತನ್ನ ಕರುವಿಗೆ ಹಾಲೂಡಿಸಿ, ಉಳಿದ ಹಸುಗಳಿಗೆ ಅದನ್ನು ಒಪ್ಪಿಸಿ, ಕೊಟ್ಟ ಮಾತಿನಂತೆ ಸಾಯುವುದಕ್ಕೆಂದೇ ಹುಲಿಯ ಬಳಿಗೆ ನಡೆದು ಬರುತ್ತಾಳೆ. ಹುಲಿ ಅವಳನ್ನು ತಿನ್ನಲಾರದೆ ತಾನೇ ಪ್ರಾಣ ಬಿಡುತ್ತದೆ. ಕನ್ನಡದ ಮಕ್ಕಳು ತಲೆಮಾರುಗಳಿಂದ ಇದನ್ನು ಕೇಳಿ ಅತ್ತಿದ್ದಾರೆ, ಅತ್ತು ‘ಇನ್ನೊಂದ್ಸಲ ಹೇಳು’ ಎಂದಿದ್ದಾರೆ. ಕರುವನ್ನು ಬೇರೆ ಹಸುಗಳಿಗೆ ಒಪ್ಪಿಸುವ ಭಾಗ ಬಂದಾಗ ಕೇಳುತ್ತಿರುವ ಮಗುವನ್ನು ಗಮನಿಸಿ. ಅದು ಅಮ್ಮನಿಗೆ ಇನ್ನಷ್ಟು ಅಂಟಿಕೊಂಡು ಕೂರುತ್ತದೆ, ಆದರೆ ‘ಸಾಕು, ನಿಲ್ಲಿಸು’ ಎನ್ನುವುದಿಲ್ಲ. ಹುಲಿ ಸಾಯುವುದನ್ನು ಹಾರಿಸಿ, ಎಲ್ಲರೂ ಸ್ನೇಹಿತರಾದರು ಎಂದು ಮುಗಿಸುವವರಿದ್ದಾರೆ. ಅದು ಮಗುವಿಗೆ ಮಾಡುವ ಉಪಕಾರವಲ್ಲ. ಮಾತಿಗೆ ಅಷ್ಟು ದೊಡ್ಡ ಬೆಲೆ ಇದೆ ಎಂಬುದು ತಿಳಿಯುವುದೇ ಆ ಕೊನೆಯಿಂದ.

ಜಪಾನಿನ ‘ತೊತ್ತೊ-ಚಾನ್’ ಕನ್ನಡದಲ್ಲೂ ಬಹಳ ಪ್ರೀತಿ ಗಳಿಸಿದ ಪುಸ್ತಕ. ರೈಲು ಡಬ್ಬಿಗಳೇ ತರಗತಿಗಳಾದ ಶಾಲೆ, ಹೊಸದಾಗಿ ಸೇರಲು ಬಂದ ಪುಟ್ಟ ಹುಡುಗಿಯ ಮಾತನ್ನು ನಾಲ್ಕು ತಾಸು ಕೂತು ಕೇಳಿದ ಹೆಡ್ ಮಾಸ್ತರು ಕೊಬಾಯಾಶಿ, ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ಅದೇ ಪುಸ್ತಕದಲ್ಲಿ ಜಾತ್ರೆಯಿಂದ ಆಸೆಪಟ್ಟು ತಂದ ಕೋಳಿಮರಿಗಳು ಸಾಯುತ್ತವೆ. ಪೋಲಿಯೋದಿಂದ ಕೈಕಾಲು ಸೊರಗಿದ ಗೆಳೆಯ ಯಾಸುವಾಕಿಯನ್ನು ತೊತ್ತೊ-ಚಾನ್ ಏಣಿ ಇಟ್ಟು, ದಬ್ಬಿ, ಎಳೆದು ತನ್ನ ಮರಕ್ಕೆ ಹತ್ತಿಸುತ್ತಾಳೆ. ಮುಂದೆ ಆ ಗೆಳೆಯನೂ ಸಾಯುತ್ತಾನೆ. ಅವನು ಓದಲು ಕೊಟ್ಟ ಪುಸ್ತಕ ಇವಳಲ್ಲೇ ಉಳಿಯುತ್ತದೆ. ಕೊನೆಗೆ ಯುದ್ಧದ ಬಾಂಬು ಬಿದ್ದು ಶಾಲೆಯೇ ಸುಟ್ಟುಹೋಗುತ್ತದೆ. ಮರ ಹತ್ತಿದ ಸಂತೋಷ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಮುಂದೆ ಬರುವ ಈ ನಷ್ಟವೂ ಕಾರಣ. ಮಕ್ಕಳಿಗೆ ಸಾವಿನ ವಿಷಯ ಗೊತ್ತಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಅಜ್ಜಿ ತೀರಿಕೊಂಡ ಮನೆಯಲ್ಲಿ ಓಡಾಡಿದ ಮಗುವಿಗೆ ಅದು ಗೊತ್ತು, ಅದರ ಬಗ್ಗೆ ಮಾತಾಡುವವರು ಸಿಕ್ಕಿರುವುದಿಲ್ಲ, ಅಷ್ಟೇ.

ತಪ್ಪು ಕಲ್ಪನೆ: ಮಕ್ಕಳ ಪುಸ್ತಕವನ್ನು ದೊಡ್ಡವರು, ದೊಡ್ಡವರ ಪುಸ್ತಕವನ್ನು ಮಕ್ಕಳು ಓದುವುದರಲ್ಲಿ ಅರ್ಥವಿಲ್ಲ.

ವಾಸ್ತವ: ಮೇಲೆ ಹೇಳಿದ ‘ತೊತ್ತೊ-ಚಾನ್’ ಮಕ್ಕಳಿಗೆಂದು ಬರೆದದ್ದೇ ಅಲ್ಲ. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯವನ್ನು ತರುಣಿಯರ ಪತ್ರಿಕೆಯೊಂದಕ್ಕೆ ಕಂತುಗಳಲ್ಲಿ ಬರೆದರು. 1981ರಲ್ಲಿ ಅದು ಪುಸ್ತಕವಾಯಿತು. ಮೇಷ್ಟರುಗಳು ಅದನ್ನು ಶಿಕ್ಷಣದ ಪುಸ್ತಕವೆಂದು ಓದಿದರು, ಮಕ್ಕಳು ತಮ್ಮಂಥವಳೇ ಒಬ್ಬಳ ಕಥೆಯೆಂದು ಓದಿದರು. ಬ್ರೌನಿಂಗ್ ಕವಿ ಇಲಿಗಳನ್ನು ಓಡಿಸುವ ಹ್ಯಾಮೆಲಿನ್ನಿನ ಕೊಳಲುಗಾರನ ಪದ್ಯ ಬರೆದದ್ದು ಕಾಯಿಲೆ ಬಿದ್ದ ಒಬ್ಬ ಹುಡುಗನನ್ನು ರಂಜಿಸಲು. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದರು. ಕೊಟ್ಟ ಮಾತು ತಪ್ಪುವ ಊರಗೌಡನನ್ನು ನೋಡಿ ಮಕ್ಕಳು ನಗುತ್ತಾರೆ. ಸರ್ಕಾರಿ ಕಚೇರಿಗೆ ಅಲೆದು ಬಂದ ದೊಡ್ಡವರಿಗೆ ಅದೇ ಗೌಡ ಬೇರೆಯೇ ಕಾಣುತ್ತಾನೆ.

ಇನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿಯನ್ನು ಹೈಸ್ಕೂಲು ಹುಡುಗರು ಕೀವಿ ನಾಯಿಗಾಗಿ, ಎಂಗ್ಟನ ಮಾತಿಗಾಗಿ, ಹಾರುವ ಓತಿಯನ್ನು ಹುಡುಕಿ ಕಾಡಿಗೆ ನುಗ್ಗುವ ಸಾಹಸಕ್ಕಾಗಿ ಓದುತ್ತಾರೆ. ದೊಡ್ಡವರು ಅದರಲ್ಲಿ ಕಾಲದ, ವಿಕಾಸದ ವಿಚಾರ ಕಾಣುತ್ತಾರೆ. ಇವೆರಡೂ ಬೇರೆಬೇರೆ ಓದು ಎಂದು ನನಗೆ ಅನ್ನಿಸುವುದಿಲ್ಲ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾಗಿ ಕಾಣುವ ಮಂದಣ್ಣನಲ್ಲಿ ಒಬ್ಬ ಹುಟ್ಟು ನಿಸರ್ಗತಜ್ಞನಿದ್ದಾನೆ ಎಂದು ವಿಜ್ಞಾನಿ ಕರ್ವಾಲೊ ಗುರುತಿಸುತ್ತಾರಲ್ಲ, ಅದು ಎಲ್ಲರಿಗೂ ತಟ್ಟುತ್ತದೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಹುಡುಗನಿಗೆ ತುಸು ಹೆಚ್ಚೇ ತಟ್ಟುತ್ತದೆ. ಕೊನೆಗೆ ಅಷ್ಟು ಪಾಡುಪಟ್ಟು ಕಂಡ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಸಿಕ್ಕಿಬಿಟ್ಟಿದ್ದರೆ ಈ ಪುಸ್ತಕ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿತ್ತೇ?

ತಪ್ಪು ಕಲ್ಪನೆ: ತಿಳಿವಳಿಕೆಯ ಪುಸ್ತಕದಲ್ಲಿ ಮುಖ್ಯವಾದದ್ದು ಮಾಹಿತಿ. ಈಗ ಅದು ಮೊಬೈಲಿನಲ್ಲೇ ಸಿಗುವಾಗ ಪುಸ್ತಕ ಯಾಕೆ?

ವಾಸ್ತವ: ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ತಂದರು. ಅದರ ಎಷ್ಟೋ ವಿವರಗಳು ಈಗ ಹಳೆಯವಾಗಿವೆ. ಒಬ್ಬ ಮನುಷ್ಯ ಇಡೀ ಜಗತ್ತನ್ನು ಕನ್ನಡದ ಮಕ್ಕಳ ಮುಂದೆ ಹರಡಿಡಬೇಕೆಂದು ಹೊರಟ ಉತ್ಸಾಹ ಹಳೆಯದಾಗಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದುವವರಲ್ಲಿ ಸಸ್ಯಶಾಸ್ತ್ರ ಬೇಕಾದವರು ಕಡಿಮೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ, ಕಂಡ ಗಿಡವನ್ನೆಲ್ಲ ಮಾತಾಡಿಸುತ್ತಾರೆ, ತಮ್ಮ ಕೈಯಿಂದಲೇ ಚಿತ್ರ ಬರೆಯುತ್ತಾರೆ. ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡದ ಹೆಸರು ಮೊಬೈಲು ಹೇಳೀತು. ಸ್ವಾಮಿಯವರ ಜೊತೆ ಆ ಗಿಡದ ಮುಂದೆ ನಿಂತ ಅನುಭವ ಬೇಕಾದರೆ ಪುಸ್ತಕವನ್ನೇ ತೆರೆಯಬೇಕು.

ತಪ್ಪು ಕಲ್ಪನೆ: ಚಿತ್ರವಿರುವ ಪುಸ್ತಕ ಅಕ್ಷರ ಬಾರದವರಿಗೆ.

ವಾಸ್ತವ: ‘ಚಂದಮಾಮ’ದಲ್ಲಿ ಹೆಣ ಹೊತ್ತು, ಖಡ್ಗ ಹಿಡಿದು ನಡೆಯುವ ವಿಕ್ರಮನನ್ನು ಬರೆದವರು ಚಿತ್ರಕಾರ ಶಂಕರ್. ಕಥೆಗಳು ಮರೆತುಹೋದವರಿಗೂ ಆ ಚಿತ್ರ ಮರೆತಿಲ್ಲ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ತಪ್ಪು ಕಲ್ಪನೆ: ಮನೆಮನೆಯಲ್ಲಿ ಓದಿಸಿಕೊಂಡ ಕಾದಂಬರಿ ಕಾಲಹರಣದ್ದು, ಅದರಲ್ಲಿ ಗಟ್ಟಿತನ ಇರುವುದಿಲ್ಲ.

ವಾಸ್ತವ: ತ್ರಿವೇಣಿಯವರ ಕಾದಂಬರಿಗಳಿಗೆ ಬಾಡಿಗೆ ಲೈಬ್ರರಿಗಳಲ್ಲಿ ಸರದಿ ಕಾಯುತ್ತಿದ್ದ ಗೃಹಿಣಿಯರ ಬಗ್ಗೆ ಹಗುರವಾಗಿ ಮಾತಾಡುವ ಅಭ್ಯಾಸ ನಮ್ಮಲ್ಲಿ ಬಹಳ ಕಾಲ ಇತ್ತು. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಒಳಗಾಗಿ, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ ಕಣ್ಣಿಗೆ ಮಾತ್ರ ಅವಳು ಗುಣವಾಗುವುದೇ ಇಲ್ಲ. ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಬಾಣಂತಿಯ ಮನಸ್ಸಿನ ಆರೋಗ್ಯದ ಬಗ್ಗೆ ಮನೆಯೊಳಗೆ ಯಾರೂ ಬಾಯಿ ಬಿಡದಿದ್ದ ಕಾಲದಲ್ಲಿ ಇದನ್ನು ಬರೆದವರು ಮನಶ್ಶಾಸ್ತ್ರ ಓದಿದ್ದ ಲೇಖಕಿ. 1963ರಲ್ಲಿ, ಮಗಳು ಹುಟ್ಟಿದ ಬೆನ್ನಿಗೇ, ತಮ್ಮ ಮೂವತ್ತೈದರ ಆಸುಪಾಸಿನಲ್ಲಿ ಅವರು ತೀರಿಕೊಂಡರು. ಪುಟ್ಟಣ್ಣ ಕಣಗಾಲರು 1971ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಕಾವೇರಿಯಾಗಿ ಕಲ್ಪನಾ ನಟಿಸಿದರು. ಆ ಗೃಹಿಣಿಯರು ಸರದಿ ನಿಂತದ್ದು ತಮ್ಮ ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ಒಬ್ಬಳು ಅಚ್ಚಿನಲ್ಲಿ ಹೇಳಿದ್ದಾಳೆ ಎಂಬ ಕಾರಣಕ್ಕೆ. ಓದುಗರು ಪುಸ್ತಕಕ್ಕೆ ಕೊಡುವ ಮರ್ಯಾದೆ ಇದಕ್ಕಿಂತ ದೊಡ್ಡದು ಯಾವುದಿದೆ?

ತಪ್ಪು ಕಲ್ಪನೆ: ಓದಿದ ಪುಸ್ತಕವನ್ನೇ ಮತ್ತೆ ಓದುವುದು ಸಮಯ ಹಾಳು, ಕಥೆ ಗೊತ್ತಾದಮೇಲೆ ಸ್ವಾರಸ್ಯ ಏನು?

ವಾಸ್ತವ: ಯಕ್ಷಗಾನದ ರಂಗಸ್ಥಳದ ಮುಂದೆ ರಾತ್ರಿಯಿಡೀ ಕೂರುವವರಿಗೆ ಕರ್ಣ ಸಾಯುತ್ತಾನೆ ಎಂಬುದು ಮೊದಲೇ ಗೊತ್ತು. ಗೊತ್ತಿದ್ದೇ ಬಂದಿರುತ್ತಾರೆ; ಇವತ್ತಿನ ಕರ್ಣ ಹೇಗೆ ಮಾತಾಡುತ್ತಾನೆ ಎಂದು ನೋಡಲು. ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಬಂದಾಗ ಅದನ್ನು ಕೈಗೆತ್ತಿಕೊಂಡವರಿಗೂ ಮಹಾಭಾರತದ ಕಥೆ ತಿಳಿದಿತ್ತು. ಮಗು ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ಓದಿಸಿಕೊಳ್ಳುತ್ತದೆ, ನೀವು ಒಂದು ಪದ ಬಿಟ್ಟರೆ ತಿದ್ದುತ್ತದೆ. ಹೊಸ ಪುಸ್ತಕ ತಂದುಕೊಟ್ಟೆ, ಮತ್ತೆ ಅದೇ ಬೇಕಂತೆ ಎಂದು ಬೇಸರಪಡಬೇಡಿ. ಹದಿನೆಂಟರಲ್ಲಿ ಓದಿದ ‘ಮೂಕಜ್ಜಿಯ ಕನಸುಗಳು’ ಮತ್ತು ಐವತ್ತರಲ್ಲಿ ಓದಿದ ‘ಮೂಕಜ್ಜಿಯ ಕನಸುಗಳು’ ಒಂದೇ ಅಲ್ಲ. ಮೊದಲ ಸಲ ಮೊಮ್ಮಗ ಸುಬ್ರಾಯನ ಪಕ್ಕದಲ್ಲಿ ಕೂತು ಕೇಳಿದವರು ಎರಡನೆಯ ಸಲ ಅಜ್ಜಿಯ ಕಡೆ ಸರಿದಿರುತ್ತಾರೆ.

ತಪ್ಪು ಕಲ್ಪನೆ: ಹೊಸ ಪದ, ಆಡುಮಾತು ಬಂದರೆ ಮಕ್ಕಳು ಪುಸ್ತಕ ಮುಚ್ಚಿಡುತ್ತಾರೆ. ಓದಲು ಕಲಿತ ಮಗುವಿಗೆ ಓದಿ ಹೇಳುವ ಅಗತ್ಯವೂ ಇಲ್ಲ.

ವಾಸ್ತವ: ಇವೆರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಗೊತ್ತಿಲ್ಲದ ಪದ ಕಣ್ಣಿಗೆ ಕಷ್ಟವಾದರೂ ಕಿವಿಗೆ ಕಷ್ಟವಲ್ಲ. ಕಿಂದರಿಜೋಗಿಯಲ್ಲಿ ನಾನಾ ಬಗೆಯ ಇಲಿಗಳು ಸಾಲಾಗಿ ಬರುವ ಭಾಗವನ್ನು ಗಟ್ಟಿಯಾಗಿ ಓದಿ. ಎಲ್ಲ ಪದದ ಅರ್ಥ ತಿಳಿಯುವ ಮೊದಲೇ ಮಕ್ಕಳ ಕಾಲು ತಾಳ ಹಾಕಲು ಶುರುಮಾಡುತ್ತದೆ. ಅರ್ಥ ಆಮೇಲೆ ಬರುತ್ತದೆ, ಕೆಲವು ಪದಗಳದ್ದು ವರ್ಷಗಳ ಮೇಲೆ ಬರುತ್ತದೆ, ಅದರಿಂದ ನಷ್ಟವೇನಿಲ್ಲ. ಕುಮಾರವ್ಯಾಸ ಭಾರತ ಹಳ್ಳಿಗಳಲ್ಲಿ ಉಳಿದದ್ದೂ ಹೀಗೆ: ಒಬ್ಬರು ರಾಗವಾಗಿ ವಾಚಿಸುತ್ತಿದ್ದರು, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು, ಅಕ್ಷರ ಕಲಿತವರೂ ಕಲಿಯದವರೂ ಒಂದೇ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಓದಲು ಬರುತ್ತದೆ ಎಂದು ಯಾರನ್ನೂ ಎಬ್ಬಿಸಿ ಕಳಿಸುತ್ತಿರಲಿಲ್ಲ.

ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ‘ದಿನಕ್ಕೊಂದು ಕಥೆ’ಯನ್ನು ಹನ್ನೆರಡು ಸಂಪುಟಗಳಲ್ಲಿ, ತಿಂಗಳಿಗೊಂದರಂತೆ ಕೊಟ್ಟರು. ಅದರ ಕಥೆಗಳು ಮಲಗುವ ಮುನ್ನ ಮುಗಿಯುವಷ್ಟು ಚಿಕ್ಕವು. ಮನೆಯಲ್ಲಿ ಶುರುಮಾಡಲು ಅವು ಸಾಕು. ಮಗು ಎಂಟನೇ ಕ್ಲಾಸಿಗೆ ಬಂದರೂ ನಿಲ್ಲಿಸಬೇಡಿ. ಆಗ ‘ಕರ್ವಾಲೊ’ ಎತ್ತಿಕೊಳ್ಳಿ. ಮಲೆನಾಡಿನ ಆ ಮಾತುಗಾರಿಕೆ ಪುಟದ ಮೇಲೆ ತೊಡಕಾಗಿ ಕಂಡರೂ ಬಾಯಿಗೆ ಬಂದಾಗ ಸಲೀಸು. ಒಂದು ಅಧ್ಯಾಯ ನೀವು ಓದಿ, ಮುಂದಿನದನ್ನು ಅವಳ ಕೈಗೆ ಕೊಡಿ. ಮಂದಣ್ಣನ ಮಾತು ಹೇಗೆ ಹೇಳಬೇಕೆಂದು ಅವಳೇ ತೀರ್ಮಾನಿಸಲಿ.