ನಿಮಗಿದು ಗೊತ್ತೆ? ತೂಕ ಇಳಿಸುವ ಮೂರು ದಾರಿ

● ಅನ್ನ, ಚಪಾತಿ ಪೂರ್ತಿ ಬಿಟ್ಟವರ ತೂಕ ಮೊದಲ ವಾರದಲ್ಲೇ ಸರ್ರನೆ ಇಳಿಯುತ್ತದೆ. ಆದರೆ ಆಗ ಹೋಗುವುದು ಬಹುಪಾಲು ನೀರು. ಇಂಥ ಊಟದಿಂದ ದೇಹ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ಮೊದಲಿನಂತಾದರೆ ಆ ತೂಕವೂ ವಾಪಸ್!

● ಪಥ್ಯದ ಗೀಳು ಹೊಸದೇನಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ಕಸುಬಿನಲ್ಲಿದ್ದ ವಿಲಿಯಂ ಬ್ಯಾಂಟಿಂಗ್, ಸಕ್ಕರೆ, ಬ್ರೆಡ್, ಆಲೂಗಡ್ಡೆ ಬಿಟ್ಟು ತೆಳ್ಳಗಾದ ಬಗೆಯನ್ನು 1863ರಲ್ಲೇ ಕಿರುಪುಸ್ತಕವಾಗಿ ಅಚ್ಚು ಹಾಕಿಸಿದ್ದ.

● ಎರಡನೆಯ ದಾರಿ ಶಸ್ತ್ರಚಿಕಿತ್ಸೆ. ತೂಕ ಇಳಿಸಲು ಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಕೂಡ ತಗ್ಗುತ್ತದೆ. ತೆಗೆದ ಭಾಗವನ್ನು ಮತ್ತೆ ಜೋಡಿಸಲಾಗದು. ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ಜೀವನಪೂರ್ತಿ ತಪ್ಪವು.

● ಹಾಗೆಂದು ಅದು ಸೋಮಾರಿಗಳ ಅಡ್ಡದಾರಿಯಲ್ಲ. ತೀವ್ರ ಬೊಜ್ಜಿನ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೂ ಇದ್ದವರಿಗೆ ಪಥ್ಯಕ್ಕಿಂತ ಹೆಚ್ಚು ಫಲ ಕೊಡುವ ಚಿಕಿತ್ಸೆ.

● ಮೂರನೆಯ ದಾರಿ ದಿನಚರಿಯ ಬದಲಾವಣೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ತೂಕದಲ್ಲಿ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ವ್ಯಾಯಾಮ, ಒಂದು ಗುಂಪಿಗೆ ಇಷ್ಟೇ ಗುರಿ. ಆ ಗುಂಪಿನಲ್ಲಿ ಕಾಯಿಲೆ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು ಶೇ 31 ಮಾತ್ರ.

● 80 ಕೆ.ಜಿ. ತೂಗುವವರಿಗೆ ಶೇ 7 ಎಂದರೆ ಐದೂವರೆ ಕೆ.ಜಿ. ಚಿಲ್ಲರೆ. ವಾರಕ್ಕೆ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ತಟ್ಟೆಯಲ್ಲಿ ಅನ್ನ ತಗ್ಗಿಸಿ, ಕಾಳು, ಸೊಪ್ಪು ಹೆಚ್ಚಿಸಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಈ ಅಭ್ಯಾಸ ತಪ್ಪಿದ್ದಲ್ಲ. ಯಾವ ದಾರಿ ಹಿಡಿಯುವ ಮೊದಲೂ ವೈದ್ಯರನ್ನು ಕೇಳಿ.