ನಾಲ್ಕು ಕ್ರಿಯಾಪದ, ಒಂದು ಹಿತ್ತಲ ಬಾಗಿಲು

ಗಣಕಯಂತ್ರವನ್ನು ಆಶ್ರಯಿಸಿರುವ ಉಪಕರಣಗಳಲ್ಲಿ ಒಂದರ ಸ್ವಭಾವ ಮತ್ತೊಂದಕ್ಕಿಲ್ಲ. ಕೀಲಿಮಣೆಯಿಂದ ಅಕ್ಷರಗಳು ಬೆರಳಾಡಿದಂತೆ ಒಂದೊಂದಾಗಿ ತೊಟ್ಟಿಕ್ಕುತ್ತವೆ. ಡಿಸ್ಕಾದರೋ ಅಳತೆಯ ಕಂತೆಗಳಲ್ಲಲ್ಲದೆ ಏನನ್ನೂ ಕೊಡದು, ಕೊಳ್ಳದು. ಇಂಥ ಒಂದೊಂದು ಉಪಕರಣದ ಗುಣಾವಗುಣಗಳನ್ನರಿತು ಅದನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಆದರೆ ಪ್ರತಿಯೊಂದು ಡ್ರೈವರೂ ತನ್ನದೇ ಭಾಷೆಯನ್ನಾಡತೊಡಗಿದರೆ, ಪತ್ರ ಬರೆಯುವ ಪ್ರೋಗ್ರಾಮೂ ಲೆಕ್ಕ ಮಾಡುವ ಪ್ರೋಗ್ರಾಮೂ ಆ ಭಾಷೆಗಳನ್ನೆಲ್ಲ ಕಲಿಯಬೇಕಾಗಿ ಬಂದು, ಹೊಸ ಉಪಕರಣವೊಂದು ಮನೆಗೆ ಬಂದಾಗಲೆಲ್ಲ ಹಳೆಯ ಪ್ರೋಗ್ರಾಮುಗಳನ್ನು ತಿದ್ದುತ್ತ ಕೂರುವ ಪಾಡು ಒದಗೀತು.

ಈ ತೊಡಕಿಗೆ ದೊರೆತ ಪರಿಹಾರಗಳಲ್ಲಿ ನನಗೆ ಅತ್ಯಂತ ಮನೋಹರವೆಂದು ತೋರುವುದು, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಕೈಗೆತ್ತಿಕೊಂಡ ಯೂನಿಕ್ಸ್ ವ್ಯವಸ್ಥೆಯಲ್ಲಿದೆ. ಅವರು ಉಪಕರಣಗಳಿಗೂ ಕಡತದ ವೇಷ ತೊಡಿಸಿದರು. 'ಡೆವ್' ಎಂಬ ಕೋಶದಲ್ಲಿ ಪ್ರತಿಯೊಂದಕ್ಕೂ ಒಂದು ಹೆಸರು. ತೆರೆ, ಓದು, ಬರೆ, ಮುಚ್ಚು ಎಂಬ ನಾಲ್ಕು ಕ್ರಿಯಾಪದಗಳಲ್ಲೇ ವ್ಯವಹಾರ. ಕಡತದ ಹೆಸರನ್ನು ಬೇಡುವ ಪ್ರೋಗ್ರಾಮಿಗೆ ಉಪಕರಣದ ಹೆಸರನ್ನು ಕೊಟ್ಟರೂ ನಡೆಯುತ್ತದೆ. ಯಾರು ಓದಬಹುದು, ಯಾರು ಬರೆಯಬಹುದು ಎಂದು ಕಡತಗಳಿಗೆ ಹಾಕಿದ ಕಟ್ಟಳೆಯೇ ಯಂತ್ರಗಳನ್ನೂ ಕಾಯುತ್ತದೆ. ಈ ಪ್ರಯೋಜನಗಳನ್ನು ಅವರಿಬ್ಬರು 1974ರ ತಮ್ಮ ಪ್ರಬಂಧದಲ್ಲಿ ತಾವೇ ಹೇಳಿದ್ದಾರೆ.

ವೇಷದ ಹಿಂದೆ ಇರುವುದು ಎರಡು ಸಂಖ್ಯೆ. ಮೊದಲನೆಯದು ಯಾವ ಡ್ರೈವರ್ ಎಂಬುದನ್ನೂ, ಎರಡನೆಯದು ಅದರ ಅಧೀನದಲ್ಲಿರುವ ಯಂತ್ರಗಳಲ್ಲಿ ಯಾವುದು ಎಂಬುದನ್ನೂ ಸೂಚಿಸುತ್ತದೆ. ವ್ಯವಸ್ಥೆಯ ಒಡಲಾದ ಕರ್ನೆಲಿನಲ್ಲಿ ಒಂದು ಕೋಷ್ಟಕವಿದ್ದು, ಅದರ ಒಂದೊಂದು ಸಾಲೂ ಒಂದೊಂದು ಡ್ರೈವರಿಗೆ ಮೀಸಲು. ತೆರೆಯುವ, ಓದುವ, ಬರೆಯುವ ಕೆಲಸಗಳಿಗೆ ಆಯಾ ಡ್ರೈವರಿನಲ್ಲಿ ಎಲ್ಲಿಗೆ ಹೋಗಬೇಕೆಂಬ ವಿಳಾಸಗಳು ಆ ಸಾಲಿನಲ್ಲಿರುತ್ತವೆ. ಡಿಸ್ಕಿನಂಥವುಗಳಿಗೆ ಬೇರೆಯೇ ಕೋಷ್ಟಕ. ಅಲ್ಲಿ ಓದುಬರಹಗಳೆರಡಕ್ಕೂ 'ಸ್ಟ್ರಾಟೆಜಿ' ಎಂಬ ಒಂದೇ ವಿಧಿ. ಏಕೆಂದರೆ ತನ್ನ ಮುಂದೆ ಸರದಿ ನಿಂತ 512 ಬೈಟುಗಳ ಕಂತೆಗಳಲ್ಲಿ ಯಾವುದನ್ನು ಮೊದಲು ಮುಗಿಸಿದರೆ ಡಿಸ್ಕಿನ ತೋಳಿಗೆ ಅಲೆದಾಟ ಕಡಿಮೆಯಾದೀತೆಂದು ಯೋಚಿಸುವ ಸ್ವಾತಂತ್ರ್ಯ ಡ್ರೈವರಿನದು. ತಂತ್ರವೆಂಬ ಈ ಹೆಸರನ್ನು ಇಟ್ಟವರಿಗೆ ಭಾಷೆಯ ರುಚಿಯೂ ಇದ್ದಿರಬೇಕು.

ಆದರೆ ಟೇಪನ್ನು ಹಿಂದಕ್ಕೆ ಸುತ್ತು, ತಂತಿಯ ವೇಗವನ್ನು ಬದಲಿಸು ಎಂಬ ಅಪ್ಪಣೆಗಳು ಓದಿಗೂ ಸೇರವು, ಬರಹಕ್ಕೂ ಸೇರವು. ಇಂಥವುಗಳಿಗೆಂದು 1979ರ ಏಳನೆಯ ಆವೃತ್ತಿಯಲ್ಲಿ 'ಐಓಸಿಟಿಎಲ್' ಎಂಬ ಐದನೆಯ ಮಾತು ಬಂದಿತು. ಒಂದು ಅಂಕಿಯನ್ನೂ ಒಂದು ವಿಳಾಸವನ್ನೂ ಒಳಗೆ ನೂಕಿದರೆ ಆಯಿತು. ಅವುಗಳ ಅರ್ಥವನ್ನು ಬಲ್ಲದ್ದು ಡ್ರೈವರ್ ಮಾತ್ರ. ಈ ಹಿತ್ತಲ ಬಾಗಿಲಿನಲ್ಲಿ ಕಾಲಕ್ರಮೇಣ ನುಸುಳದ ವಸ್ತುವೇ ಇಲ್ಲವೆನ್ನಬಹುದು. ಇದಕ್ಕೆ ಬೇಸತ್ತು ಅದೇ ಪ್ರಯೋಗಾಲಯದವರು ಮುಂದೆ ಕಟ್ಟಿದ 'ಪ್ಲಾನ್ 9' ವ್ಯವಸ್ಥೆಯಲ್ಲಿ ಅದನ್ನು ಮುಚ್ಚಿಬಿಟ್ಟು, ಅಪ್ಪಣೆಗಳನ್ನೂ ಸಾದಾ ಅಕ್ಷರಗಳಲ್ಲಿ ಒಂದು ನಿಯಂತ್ರಣ ಕಡತಕ್ಕೆ ಬರೆಯುವಂತೆ ಮಾಡಿದರು. ಅದು ಹೆಚ್ಚು ಶುದ್ಧವಾದ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಯೂನಿಕ್ಸಿನ ಮಾದರಿಯಲ್ಲೇ ಕಟ್ಟಿದ ಲಿನಕ್ಸಿನಲ್ಲಿ ಹಳೆಯ ಬಾಗಿಲು ಇಂದಿಗೂ ತೆರೆದೇ ಇದೆ. ಹಿತ್ತಲಿನಲ್ಲಿ ಕಸ ಬಿದ್ದುದರಿಂದಲೇ ಜಗಲಿ ಚೊಕ್ಕಟವಾಗಿ ಉಳಿಯಿತೆಂದು ನನ್ನ ಎಣಿಕೆ.

ಆ ಬಾಗಿಲಿನ ಗೊಡವೆಯೇ ಬೇಡದ ಡ್ರೈವರೊಂದುಂಟು: 'ಡೆವ್' ಕೋಶದ 'ನಲ್'. ಅದರ ಹಿಂದೆ ಯಂತ್ರವೇ ಇಲ್ಲ. ಓದಹೋದರೆ ಮುಗಿಯಿತೆನ್ನುತ್ತದೆ, ಬರೆದುದನ್ನೆಲ್ಲ ಸ್ವೀಕರಿಸಿದೆನೆಂದು ಹೇಳಿ ಬಿಸುಡುತ್ತದೆ, ಬರೆಯುತ್ತಿರುವ ಪ್ರೋಗ್ರಾಮಿಗೆ ತಾನು ಶೂನ್ಯದೊಡನೆ ಮಾತನಾಡುತ್ತಿರುವೆನೆಂಬುದು ತಿಳಿಯಬೇಕಾಗಿಯೂ ಇಲ್ಲ.